ಕ್ಯಾಸೆಟ್ ಮಗುಚುವ ಹೊತ್ತು

ಅಧ್ಯಕ್ಷರೆ, ಸಂಘದ ಹಿರಿಯರೆ, ತಾಯಂದಿರೆ, ಗೆಳೆಯರೆ,

ಮದುವೆಯ ವಿಡಿಯೊ ನಡೆದುಬಂದ ದಾರಿಯ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾನು ಕ್ಯಾಮೆರಾ, ಬೆಳಕು, ಸಂಕಲನ, ಸಂರಕ್ಷಣೆ ಎಂದು ನಾಲ್ಕು ಭಾಗ ಮಾಡಿಕೊಂಡು ಟಿಪ್ಪಣಿ ಬರೆದಿಟ್ಟೆ. ಆದರೆ ಈ ಡೊಂಬಿವಿಲಿಯ ಸಭಾಂಗಣಕ್ಕೆ ಬರುವ ದಾರಿಯಲ್ಲಿ, ರೈಲಿನಲ್ಲಿ ಕುಳಿತು ಆ ಹಾಳೆಗಳನ್ನು ತಿರುವುತ್ತಿದ್ದಾಗ, ನಾಲ್ಕೂ ಭಾಗಗಳಲ್ಲಿ ನಾನು ಒಂದೇ ವಿಷಯವನ್ನು ಸುತ್ತಿ ಸುತ್ತಿ ಬರೆದಿದ್ದೇನೆಂದು ತಿಳಿಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ನಾಲ್ಕು ದಶಕಗಳಲ್ಲಿ ನಮ್ಮ ಮದುವೆಯ ವಿಡಿಯೊಗಳ ಕಣ್ಣು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತ ಬಂದಿದೆ, ಕಿವಿ ಮಾತ್ರ ಮಂದವಾಗುತ್ತ ಬಂದಿದೆ. ನಮ್ಮವರ ಮುಖಗಳನ್ನು ನಾವು ಉಳಿಸಿಕೊಂಡೆವು, ಅವರ ದನಿಗಳನ್ನು ಕಳೆದುಕೊಂಡೆವು. ಕಳೆದವರಲ್ಲಿ ನಾನೂ ಒಬ್ಬ.

ನಾನು ಮುಂಬಯಿಗೆ ಬಂದದ್ದು 1984ರಲ್ಲಿ. ಊರಿನ ಅನೇಕರಂತೆ ನನ್ನದೂ ಹಗಲು ಕೋಟೆ (ಫೋರ್ಟ್) ಭಾಗದ ಹೋಟೆಲು, ಸಂಜೆ ಕನ್ನಡ ರಾತ್ರಿಶಾಲೆ. ಮೂರು ವರ್ಷಗಳ ನಂತರ ಮಾಟುಂಗದ ಒಂದು ಸ್ಟುಡಿಯೊದಲ್ಲಿ ಲೈಟು ಹಿಡಿಯುವ ಹುಡುಗನಾಗಿ ಸೇರಿದೆ. ಆ ಕಾಲದ ಹಿನ್ನೆಲೆಯನ್ನು ಇಲ್ಲಿರುವ ಹಿರಿಯರಿಗೆ ವಿವರಿಸಬೇಕಾಗಿಲ್ಲ. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ದೇಶಕ್ಕೆ ಬಣ್ಣದ ದೂರದರ್ಶನ ಬಂತು. ಅದರ ಹಿಂದೆಯೇ ವಿಡಿಯೊ ಕ್ಯಾಸೆಟ್ಟು ಓಡಿಸುವ ವಿಸಿಆರ್ ಬಂತು, ಕೊಲ್ಲಿ ದೇಶದಿಂದ ರಜೆಗೆ ಬಂದವರ ಪೆಟ್ಟಿಗೆಗಳಲ್ಲಿ ಕ್ಯಾಮೆರಾಗಳೂ ಬಂದವು. ಅದಕ್ಕೆ ಮೊದಲು ಮದುವೆಯನ್ನು ಚಲನಚಿತ್ರವಾಗಿ ತೆಗೆಸುತ್ತಿದ್ದವರು ಬೆರಳೆಣಿಕೆಯಷ್ಟು ಶ್ರೀಮಂತರು. ಅವರು ಬಳಸುತ್ತಿದ್ದ ಸೂಪರ್ 8 ಫಿಲ್ಮಿನ ಒಂದು ಸುರುಳಿ 50 ಅಡಿ ಉದ್ದ, ಸೆಕೆಂಡಿಗೆ 18 ಚೌಕಟ್ಟುಗಳಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡು ಬರುತ್ತಿತ್ತು, ಹೆಚ್ಚಿನವು ಮೂಕಚಿತ್ರಗಳು. ಅಷ್ಟು ಚಿಕ್ಕ ಸುರುಳಿಯಲ್ಲಿ ಧಾರೆಯನ್ನು ಹಿಡಿಯಬೇಕೋ ಮಂಗಳಸೂತ್ರವನ್ನು ಹಿಡಿಯಬೇಕೋ ಎಂದು ಮೊದಲೇ ತೀರ್ಮಾನಿಸಬೇಕಿತ್ತು.

ಇಂಥ ಲೆಕ್ಕಾಚಾರವನ್ನೆಲ್ಲ ಬದಿಗೆ ಸರಿಸಿದ್ದು ವಿಎಚ್‌ಎಸ್ ಕ್ಯಾಸೆಟ್ಟು. ಜಪಾನಿನಲ್ಲಿ 1976ರಲ್ಲಿ ಹುಟ್ಟಿ, ನಮ್ಮ ಮದುವೆ ಮಂಟಪಗಳಿಗೆ ಎಂಬತ್ತರ ದಶಕದ ನಡುವಿನಲ್ಲಿ ಕಾಲಿಟ್ಟ ಈ ಕ್ಯಾಸೆಟ್ಟಿನಲ್ಲಿ ಮೂರು ತಾಸಿನ ಟೇಪು ಇರುತ್ತಿತ್ತು. ಮೂರು ತಾಸು ಎಂದರೆ ಯಾರನ್ನೂ ಬಿಡಬೇಕಾಗಿಲ್ಲ ಎಂದರ್ಥ. ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡವನು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಎಲೆಯ ಮುಂದೂ ನಿಲ್ಲುತ್ತಿದ್ದ. ಅವನ ಹಿಂದೆ ಸಾವಿರ ವಾಟ್ಸಿನ ಹ್ಯಾಲೊಜನ್ ದೀಪವನ್ನು ಎತ್ತಿ ಹಿಡಿದು ನಾನು ನಡೆಯುತ್ತಿದ್ದೆ. ಆ ದೀಪದ ಬಿಸಿಗೆ ಊಟಕ್ಕೆ ಕುಳಿತವರ ಹಣೆ ಬೆವರುತ್ತಿತ್ತು, ಪಾಯಸದ ಕೈ ಬಾಯಿಗೆ ಹೋಗುವ ದಾರಿಯಲ್ಲಿ ನಿಂತುಬಿಡುತ್ತಿತ್ತು, ಮಕ್ಕಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ಇಂದು ಆ ಕ್ಯಾಸೆಟ್ಟುಗಳನ್ನು ನೋಡುವ ಹುಡುಗರು ‘ಇಷ್ಟು ಉದ್ದ ಯಾಕೆ’ ಎಂದು ಕೇಳುತ್ತಾರೆ. ಕುರ್ಲಾದ, ಮುಲುಂಡಿನ, ಮಾಟುಂಗದ ಮದುವೆ ಹಾಲುಗಳಲ್ಲಿ ಬಡಿಸಿದವರು, ಪಾತ್ರೆ ಎತ್ತಿದವರು, ಊರಿನಿಂದ ಎರಡು ದಿನದ ಬಸ್ಸು ಪ್ರಯಾಣ ಮಾಡಿ ಬಂದ ಅಜ್ಜಂದಿರು, ಎಲ್ಲರೂ ಆ ಉದ್ದದಲ್ಲಿ ಇದ್ದಾರೆ. ಅವರಲ್ಲಿ ಎಷ್ಟೋ ಜನರ ಬದುಕಿನಲ್ಲಿ ಅವರನ್ನು ಯಾರಾದರೂ ಚಲಿಸುವ ಚಿತ್ರವಾಗಿ ಹಿಡಿದದ್ದು ಅದೊಂದೇ ಸಲ. ಹಾಗಾಗಿ ಆ ಉದ್ದದ ಬಗ್ಗೆ ನನ್ನಲ್ಲಿ ಸ್ವಲ್ಪವೂ ಸಂಕೋಚವಿಲ್ಲ.

ಸಂಕೋಚವಿರುವುದು ಶಬ್ದದ ಬಗ್ಗೆ. ಇಲ್ಲಿ ಸ್ವಲ್ಪ ಯಂತ್ರದ ಮಾತು ಹೇಳಬೇಕಾಗಿದೆ, ದಯವಿಟ್ಟು ಸಹಿಸಿಕೊಳ್ಳಬೇಕು. ವಿಎಚ್‌ಎಸ್ ಟೇಪಿನ ಅಗಲ ಅರ್ಧ ಇಂಚು. ಚಿತ್ರವನ್ನು ಬರೆಯುವ ತಲೆಗಳು ಒಂದು ಓರೆಯಾದ ಉರುಳೆಯ ಮೇಲೆ ಸೆಕೆಂಡಿಗೆ 25 ಸುತ್ತು ತಿರುಗುತ್ತ ಟೇಪಿನ ಮೇಲೆ ಓರೆ ಗೆರೆಗಳನ್ನು ಎಳೆಯುತ್ತವೆ. ಧ್ವನಿಗೆ ಆ ವೈಭವವಿಲ್ಲ. ಅದು ಟೇಪಿನ ಅಂಚಿನಲ್ಲಿ, ಸೀರೆಯ ಸೆರಗಿಗೆ ಹಾಕಿದ ಸಣ್ಣ ಗೆರೆಯಂತೆ, ನೇರವಾಗಿ ಬರೆಯಲ್ಪಡುತ್ತದೆ. ಹಾಡು ಕೇಳುವ ಆಡಿಯೊ ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಿದರೆ ವಿಎಚ್‌ಎಸ್ ಟೇಪು ಸುಮಾರು 2.34 ಸೆಂಟಿಮೀಟರ್ ಮಾತ್ರ, ಅಂದರೆ ಅದರ ಅರ್ಧದಷ್ಟು ಓಡುತ್ತದೆ. ಟೇಪು ನಿಧಾನವಾದಷ್ಟೂ ದನಿ ಮಂಕಾಗುತ್ತದೆ. ಜೊತೆಗೆ ಮೈಕು ಇದ್ದದ್ದು ಕ್ಯಾಮೆರಾದ ತಲೆಯ ಮೇಲೆ, ಪುರೋಹಿತರಿಂದ ಹತ್ತು ಅಡಿ ದೂರದಲ್ಲಿ. ನಡುವೆ ವಾದ್ಯ, ಫ್ಯಾನು, ಅಳುವ ಮಕ್ಕಳು. ಇಂಥ ಗದ್ದಲವನ್ನು ಹಣ ಕೊಟ್ಟವರಿಗೆ ಹಾಗೆಯೇ ಒಪ್ಪಿಸುವುದು ಮರ್ಯಾದೆಯಲ್ಲ ಎಂದು ಸ್ಟುಡಿಯೊದವರು ನಂಬಿದ್ದರು. ಆದ್ದರಿಂದ ಅದರ ಮೇಲೆ ಸಿನಿಮಾ ಹಾಡುಗಳನ್ನು ಹೊದಿಸಿದರು.

ಈ ಹೊದಿಸುವ ಕೆಲಸಕ್ಕೆ ಮಿಕ್ಸಿಂಗ್ ಎಂದು ಹೆಸರು. ಮೇಜಿನ ಮೇಲೆ ಎರಡು ವಿಸಿಆರ್, ನಡುವೆ ಒಂದು ಮಿಕ್ಸರು, ಅಕ್ಷರ ಮೂಡಿಸುವ ಒಂದು ಯಂತ್ರ, ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರು. ವರ ತಾಳಿ ಕಟ್ಟುವಾಗ ಚಿತ್ರ ಹೃದಯದ ಆಕಾರದಲ್ಲಿ ತೆರೆದುಕೊಳ್ಳುತ್ತಿತ್ತು. ವಧುವಿನ ಮುಖ ಗುಲಾಬಿಯ ಎಸಳಿನೊಳಗಿಂದ ಮೂಡುತ್ತಿತ್ತು. ಅವನ್ನು ಮಾಡಲು ನಮ್ಮ ಮಿಕ್ಸಿಂಗ್ ಮಾಸ್ತರರು ರಾತ್ರಿ ಎರಡು ಗಂಟೆಯವರೆಗೆ ಕುಳಿತುಕೊಳ್ಳುತ್ತಿದ್ದರು, ಮತ್ತು ಆ ಹೃದಯ ಸರಿಯಾಗಿ ತಾಳಿಯ ಗಂಟಿನ ಮೇಲೆಯೇ ತೆರೆದಾಗ ನಾವಿಬ್ಬರೂ ಸಂತೋಷದಿಂದ ಚಹಾ ತರಿಸಿ ಕುಡಿಯುತ್ತಿದ್ದೆವು. ಆ ಶ್ರದ್ಧೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ.

ನನ್ನ ಕೆಲಸ ಟೇಪ್ ರೆಕಾರ್ಡರಿನದು. ಅರವತ್ತು ನಿಮಿಷದ ಹಾಡಿನ ಕ್ಯಾಸೆಟ್ಟು ಒಂದು ಬದಿಗೆ ಮೂವತ್ತು ನಿಮಿಷ ಓಡುತ್ತದೆ. ಬದಿ ಮುಗಿದ ಕೂಡಲೇ ಅದನ್ನು ತೆಗೆದು, ಮಗುಚಿ, ಮತ್ತೆ ಹಾಕಿ ಗುಂಡಿ ಒತ್ತಬೇಕು. ಅಷ್ಟು ಹೊತ್ತು ವಿಡಿಯೊ ಮೂಕವಾಗಬಾರದೆಂದು ಮಾಸ್ತರರು ಹಾಡಿನ ಗುಂಡಿಯನ್ನು ಇಳಿಸಿ ಮದುವೆಯ ಮೂಲ ಶಬ್ದದ ಗುಂಡಿಯನ್ನು ಏರಿಸುತ್ತಿದ್ದರು. ಎಂಟು ಸೆಕೆಂಡು, ಹತ್ತು ಸೆಕೆಂಡು. ಆಮೇಲೆ ಮತ್ತೆ ಹಾಡು. ಮೂರು ತಾಸಿನ ಮದುವೆಯಲ್ಲಿ ಇಂಥ ಐದು ಸಂದುಗಳು. ಐದನ್ನೂ ಕೂಡಿಸಿದರೆ ಒಂದು ನಿಮಿಷವಿಲ್ಲ. ಆ ಕಾಲದ ನೂರಾರು ಮದುವೆಗಳಲ್ಲಿ ನಮ್ಮವರು ಆಡಿದ ಮಾತು ಎಲ್ಲಾದರೂ ಉಳಿದಿದ್ದರೆ ಹೆಚ್ಚಾಗಿ ಆ ಸಂದುಗಳಲ್ಲಿ ಮಾತ್ರ. ಕ್ಯಾಮೆರಾದಲ್ಲಿ ಓಡಿದ ಮೂಲ ಕ್ಯಾಸೆಟ್ಟಿನಲ್ಲಿ ಎಲ್ಲವೂ ಇತ್ತು ನಿಜ, ಆದರೆ ಖಾಲಿ ಕ್ಯಾಸೆಟ್ಟು ದುಬಾರಿಯಾಗಿದ್ದ ಕಾಲವದು. ಮುಂದಿನ ಮುಹೂರ್ತಕ್ಕೆ ಅದರ ಮೇಲೆಯೇ ಇನ್ನೊಂದು ಮದುವೆಯನ್ನು ಬರೆದುಬಿಡುತ್ತಿದ್ದೆವು.

ನಾನು ಬೇಗ ಮಗುಚುತ್ತಿದ್ದೆ. ಏಳು ಸೆಕೆಂಡಿನಲ್ಲಿ ಮುಗಿಸಿದರೆ ಮಾಸ್ತರರು ಬೆನ್ನು ತಟ್ಟುತ್ತಿದ್ದರು. ಇದನ್ನು ನೀವು ನೆನಪಿನಲ್ಲಿಡಬೇಕು.

ಕಳೆದ ಮಳೆಗಾಲದಲ್ಲಿ ಠಾಣೆಯಿಂದ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದರು. ವಿಜಾಪುರದ ಕಡೆಯ ಕುಟುಂಬ. ತಂದೆ ಇಲ್ಲಿನ ಗಿರಣಿಯಲ್ಲಿ ಕೆಲಸ ಮಾಡಿದವರು. ಪ್ಲಾಸ್ಟಿಕ್ ಚೀಲದೊಳಗೆ, ಅದರೊಳಗೆ ಇನ್ನೊಂದು ಚೀಲದೊಳಗೆ, 1991ರಲ್ಲಿ ನಡೆದ ಅವರ ಅಕ್ಕನ ಮದುವೆಯ ಕ್ಯಾಸೆಟ್ಟು ಇತ್ತು. ಬೆನ್ನಿನ ಚೀಟಿಯ ಮೇಲಿನ ಅಕ್ಷರವನ್ನು ನೋಡಿದೊಡನೆ ಅದು ನಮ್ಮ ಮಾಸ್ತರರದೆಂದು ಗುರುತಿಸಿದೆ. ಡಿಜಿಟಲ್ ಮಾಡಿಕೊಡಬೇಕೆ ಎಂದು ಕೇಳಿದೆ. ಅವರು ಹೇಳಿದ್ದು ಹೀಗೆ: “ಅಣ್ಣಾ, ನಮ್ಮವ್ವನ ಫೋಟೊ ನಮ್ಮ ಮನ್ಯಾಗ ಭಾಳ ಅದಾವು. ನನಗ ಆಕಿ ದನಿ ಬೇಕು. ಇದರಾಗ ಆಕಿ ಒಡಪು ಹೇಳ್ಯಾಳ.”

ಒಡಪು ಎಂದರೇನೆಂದು ಈ ಸಭೆಯ ಅರ್ಧ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕರಾವಳಿಯವನು, ಮುಂಬಯಿಗೆ ಬಂದ ಮೇಲೆ ಕಲಿತದ್ದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆಯಲ್ಲಿ ಬದುಕಿದ ಹೆಣ್ಣುಮಕ್ಕಳು ಮದುವೆ, ಸೀಮಂತಗಳಲ್ಲಿ ಗೆಳತಿಯರ ಒತ್ತಾಯಕ್ಕೆ ಒಂದು ಪ್ರಾಸದ ನುಡಿಯನ್ನು ಕಟ್ಟಿ, ಅದರ ಕೊನೆಯಲ್ಲಿ ಆ ಹೆಸರನ್ನು ಇಟ್ಟು ಹೇಳುವ ಪದ್ಧತಿ ಅದು. ಮರಾಠಿ ನೆರೆಯವರು ಇದನ್ನೇ ಉಖಾಣಾ ಎನ್ನುತ್ತಾರೆ. ಎಷ್ಟೋ ಜನ ನಿಂತ ನಿಲುವಿನಲ್ಲೇ ಹೊಸದನ್ನು ಕಟ್ಟುತ್ತಾರೆ. ಹೆಣ್ಣುಮಕ್ಕಳು ಕಟ್ಟಿದ ಈ ಸಾಹಿತ್ಯ, ಕರಾವಳಿಯ ಶೋಭಾನೆ, ಬೀಗರನ್ನು ಹಂಗಿಸುವ ಹಾಡು, ನಿಶ್ಚಿತಾರ್ಥದಲ್ಲಿ ಎರಡು ಮನೆತನದ ಹಿರಿಯರು ಬಳಿ, ಅಂದರೆ ಕುಲ, ಕೇಳಿ ವೀಳ್ಯ ಬದಲಿಸುವಾಗ ಆಡುವ ತೂಕದ ತುಳು ಮಾತು, ಇವೆಲ್ಲ ನಮ್ಮ ಕ್ಯಾಮೆರಾದ ಮುಂದೆಯೇ ನಡೆದವು. ನಾವು ತುಟಿಗಳನ್ನು ಹಿಡಿದೆವು, ಮಾತಿನ ಮೇಲೆ ಹಾಡು ಸುರಿದೆವು.

ಆ ಕ್ಯಾಸೆಟ್ಟಿನಲ್ಲಿ ಅಲ್ಲಲ್ಲಿ ಬಿಳಿ ಬೂಸು ಹಿಡಿದಿತ್ತು. ಬಿಚ್ಚಿ, ಒರೆಸಿ, ಇನ್ನೊಂದು ಚಿಪ್ಪಿಗೆ ಟೇಪನ್ನು ಸುತ್ತಿ ಓಡಿಸಲು ನನಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ಅವರು ಬಂದು ಪಕ್ಕದಲ್ಲಿ ಕುಳಿತರು. ಧಾರೆ, ಅಕ್ಷತೆ, ಊಟ, ಎಲ್ಲದರ ಮೇಲೂ ಹಾಡು. ಮಾತನಾಡುವ ಮುಖಗಳು, ಕೇಳದ ಮಾತುಗಳು. ಒಂದೂವರೆ ತಾಸು ಕಳೆದ ಮೇಲೆ, ಗೋಡೆಯ ಪಕ್ಕ ಹತ್ತು ಹನ್ನೆರಡು ಹೆಂಗಸರು ಒಬ್ಬರನ್ನು ಸುತ್ತುವರಿದು ರೇಗಿಸುತ್ತಿರುವ ದೃಶ್ಯ ಬಂತು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಹೂವಿನ ಪೊಟ್ಟಣ. “ಇಕಿನ ನಮ್ಮವ್ವ” ಎಂದರು ಮಗಳು. ಹಾಡು ನಡೆದೇ ಇತ್ತು. ನಾನು ಮಾತನಾಡಲಿಲ್ಲ, ಏಕೆಂದರೆ ಆ ಹಾಡಿನ ಆ ಸಾಲು ಬದಿಯ ಕೊನೆಯದೆಂದು ನನಗೆ ನೆನಪಿತ್ತು. ಹಾಡು ನಿಂತಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಹಾಲು ಒಮ್ಮೆಗೇ ಬಾಯಿ ತೆರೆಯಿತು. ತಟ್ಟೆಗಳ ಸದ್ದು, ಹೊರಗೆ ಲೋಕಲ್ ರೈಲು ಹೋಗುವ ಸದ್ದು, ಯಾರೋ “ಪಂಕ್ತಿ ಕೂರಿಸಿ” ಎನ್ನುವುದು, ಮತ್ತು ಹತ್ತಿರದಲ್ಲೇ, ನಗು ಬೆರೆತ, ಸ್ವಲ್ಪ ಒರಟಾದ ಒಂದು ದನಿ:

“ಲೋಕಲ್ ಗಾಡ್ಯಾಗ ನಿಂತ ಬಂದೇನಿ,
ದಾದರ ಪ್ಯಾಟ್ಯಾಗ ಹೂವ ತಂದೇನಿ…”

ಅಷ್ಟರಲ್ಲಿ ಎರಡನೆಯ ಬದಿಯ ಹಾಡು ಬಂದು ಬಿತ್ತು. ತೆರೆಯ ಮೇಲೆ ಅವರ ತುಟಿಗಳು ಇನ್ನೂ ಆಡುತ್ತಿವೆ, ಹೆಸರು ಹೇಳುತ್ತಿವೆ, ಹೇಳಿ ಮುಗಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿವೆ, ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾರೆ. ಆ ಹೆಸರು ಕೇಳಿಸುವುದಿಲ್ಲ. ಮಗಳು ಮತ್ತೆ ಹಿಂದಕ್ಕೆ ಓಡಿಸಲು ಹೇಳಿದರು. ಮನೆಯಲ್ಲಿ ಅವ್ವ ಜೀವಮಾನವಿಡೀ ಅಪ್ಪನನ್ನು ‘ನಮ್ಮನಿಯವ್ರು’ ಎಂದೇ ಕರೆದರಂತೆ. ಆ ಹೆಸರನ್ನು ಅವ್ವನ ಬಾಯಿಂದ ಕೇಳಿದ್ದೇ ಇಲ್ಲವಂತೆ. ಒಂಬತ್ತು ಸಲ ನೋಡಿದರು. ಕೊನೆಯ ಸಲ ಶಬ್ದವನ್ನು ನಿಲ್ಲಿಸಿ, ತಾಯಿಯ ತುಟಿಗಳನ್ನೇ ನೋಡುತ್ತ, ತಂದೆಯ ಹೆಸರನ್ನು ತಾವೇ ಮೆಲ್ಲಗೆ ಹೇಳಿಕೊಂಡರು.

ಆ ರಾತ್ರಿ ಕ್ಯಾಸೆಟ್ಟನ್ನು ಮಗುಚಿದ ಕೈ ನನ್ನದು. ನಾಲ್ಕು ಸೆಕೆಂಡು ತಡಮಾಡಿದ್ದರೆ ಆ ಹೆಸರು ಅಲ್ಲಿರುತ್ತಿತ್ತು.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ, ಹದಿನೈದು ನಿಮಿಷ ಉಳಿದಿದೆಯಂತೆ. ಮುಂದಿನ ಕಾಲವನ್ನು ವೇಗವಾಗಿ ಹೇಳುತ್ತೇನೆ, ಆದರೆ ಕಿವಿಯ ವಿಷಯವನ್ನು ಬಿಡುವುದಿಲ್ಲ.

1995ರಲ್ಲಿ ಡಿವಿ ಎಂಬ ಹೊಸ ಮಾದರಿ ಬಂತು. ಅಂಗೈಯೊಳಗೆ ಅಡಗುವ ಪುಟ್ಟ ಕ್ಯಾಸೆಟ್ಟು, ಒಂದು ತಾಸಿನ ಟೇಪು. ಅದರಲ್ಲಿ ದನಿ ಸಿ.ಡಿ.ಯಷ್ಟು ಶುಭ್ರವಾಗಿ ದಾಖಲಾಗುತ್ತಿತ್ತು. ಮೊದಲ ಬಾರಿಗೆ ಮಂತ್ರದ ಅಕ್ಷರಗಳು ಬೇರೆ ಬೇರೆಯಾಗಿ ಕೇಳಿದವು. ನಮ್ಮಂಥ ಸಣ್ಣ ಸ್ಟುಡಿಯೊಗಳಿಗೆ ಅದು ತಲುಪಿದ್ದು 2000ದ ಆಸುಪಾಸಿನಲ್ಲಿ, ಕಂಪ್ಯೂಟರಿನ ಜೊತೆಗೆ. ಕಂಪ್ಯೂಟರಿನಲ್ಲಿ ಹಾಡಿಗೆ ಒಂದು ಸಾಲು, ಮೂಲ ಶಬ್ದಕ್ಕೆ ಇನ್ನೊಂದು ಸಾಲು. ಎರಡನ್ನೂ ಹದವಾಗಿ ಬೆರೆಸಬಹುದಿತ್ತು. ಅಂದರೆ ನಮ್ಮ ಹಳೆಯ ನೆಪಗಳೆಲ್ಲ ಮುಗಿದಿದ್ದವು. ಆದರೂ ರೂಢಿ ಕೈಬಿಡಲಿಲ್ಲ. ಮೌಸಿನ ಒಂದು ಒತ್ತಿಗೆ ಮೂಲ ಶಬ್ದದ ಸಾಲನ್ನು ಮುಚ್ಚಿಯೇ ಕೆಲಸ ಶುರುಮಾಡುತ್ತಿದ್ದೆವು. ಒಂದು ತಾಸಿನ ಡಿವಿ ಸುಮಾರು 13 ಜಿ.ಬಿ. ಜಾಗ ತಿನ್ನುತ್ತದೆ, ಅಂದಿನ ಹಾರ್ಡ್ ಡಿಸ್ಕಿನಲ್ಲಿ ಎರಡು ಮದುವೆ ಹಿಡಿಸುವುದೇ ಕಷ್ಟ, ಹಾಗಾಗಿ ವಿಸಿಡಿ, ಅಂದರೆ ವಿಡಿಯೊ ಸಿ.ಡಿ., ಒಪ್ಪಿಸಿದ ದಿನವೇ ಮೂಲವನ್ನು ಅಳಿಸುತ್ತಿದ್ದೆವು.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ ನಮ್ಮ ವೃತ್ತಿಯೇ ತಲೆಕೆಳಗಾಯಿತು. ಅದು ಸ್ಥಿರಚಿತ್ರದ ಕ್ಯಾಮೆರಾ. ಅದರ ಸಂವೇದಕ 36 ಮಿಲಿಮೀಟರ್ ಅಗಲ, ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದು. ಆದ್ದರಿಂದ ವಧುವಿನ ಮುಖ ಸ್ಪಷ್ಟವಾಗಿ ನಿಂತು ಹಿಂದಿನ ಜನ ಬೆಣ್ಣೆಯಂತೆ ಕರಗಿಹೋಗುತ್ತಿದ್ದರು, ಮತ್ತು ಹ್ಯಾಲೊಜನ್ ದೀಪ ಬೇಕಾಗಲಿಲ್ಲ. ದೀಪ ಹೋದದ್ದು ದೊಡ್ಡ ಪುಣ್ಯ. ಜನ ನಾಚಿಕೆ ಬಿಟ್ಟು ಊಟ ಮಾಡತೊಡಗಿದರು. ಆದರೆ ಆ ಕ್ಯಾಮೆರಾಕ್ಕೆ ಹೆಡ್‌ಫೋನು ಸಿಕ್ಕಿಸುವ ತೂತೇ ಇರಲಿಲ್ಲ. ಧ್ವನಿಯ ಮಟ್ಟವನ್ನು ಕೈಯಿಂದ ಹೊಂದಿಸುವ ಅವಕಾಶ ದೊರೆತದ್ದು 2010ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಹುಡುಗರು ಕೇಳಿಸಿಕೊಳ್ಳದೆಯೇ ಚಿತ್ರ ತೆಗೆಯುವುದನ್ನು ರೂಢಿಮಾಡಿಕೊಂಡಿದ್ದರು. ನಿಧಾನಗತಿಯ ದೃಶ್ಯಗಳ ಕಾಲ ಬಂತು. ಅಕ್ಷತೆಯ ಕಾಳು ಗಾಳಿಯಲ್ಲಿ ತೇಲುವುದನ್ನು ನೋಡಲು ಚೆಂದ, ಆದರೆ ನಿಧಾನಗೊಳಿಸಿದ ಚಿತ್ರಕ್ಕೆ ಹೊಂದುವ ಮಾತು ಇರುವುದಿಲ್ಲ, ಸಂಗೀತವನ್ನೇ ಹಾಕಬೇಕು. 2013ರಿಂದೀಚೆಗೆ ಡ್ರೋನು ಬಂತು, ಅದಕ್ಕೆ ಕಿವಿಯೇ ಇಲ್ಲ. ಈಗ ಇಡೀ ಮದುವೆ ಐದು ನಿಮಿಷದ ಹೈಲೈಟ್ ಆಗಿ, ಅದೂ ಉದ್ದವೆನಿಸಿ ಒಂದು ನಿಮಿಷದ ರೀಲು ಆಗಿದೆ. ಆ ಒಂದು ನಿಮಿಷದಲ್ಲಿ ವಧುವರರಿಗೆ ಐವತ್ತು ಸೆಕೆಂಡು. ಉಳಿದ ಹತ್ತರಲ್ಲಿ ಅಜ್ಜಿ ಒಮ್ಮೆ ಕಣ್ಣೊರೆಸಿಕೊಳ್ಳುತ್ತಾರೆ. ಅವರು ಏನು ಹೇಳಿ ಕಣ್ಣೊರೆಸಿಕೊಂಡರೆಂದು ಯಾರಿಗೂ ತಿಳಿಯುವುದಿಲ್ಲ.

ಒಂದು ಕಾಲ ಮಾತ್ರ ಇದಕ್ಕೆ ಹೊರತು. 2020ರ ಲಾಕ್‌ಡೌನಿನಲ್ಲಿ ಮದುವೆಗೆ ಐವತ್ತು ಜನರ ಮಿತಿ ಬಂದಾಗ ಊರಿನವರಿಗಾಗಿ ನೇರ ಪ್ರಸಾರ ಮಾಡಿದೆವು. ಮಿಕ್ಸಿಂಗ್ ಮಾಡಲು ಸಮಯವಿರಲಿಲ್ಲ, ಹಾಡು ಹಾಕಲಿಲ್ಲ. ಹಾಲಿನಲ್ಲಿ ಜನ ಕಡಿಮೆಯಾದ್ದರಿಂದ ಗದ್ದಲವೂ ಇರಲಿಲ್ಲ. ಪುರೋಹಿತರ ಉಸಿರು ಕೂಡ ಕೇಳುತ್ತದೆ. ದುಃಖದ ಕಾಲದ ಆ ಬಡ ಮದುವೆಗಳ ದಾಖಲೆ ನನ್ನ ನಲವತ್ತು ವರ್ಷದ ಕೆಲಸದಲ್ಲಿ ಅತ್ಯಂತ ಸತ್ಯವಾದದ್ದೆಂದು ನಾನು ನಂಬುತ್ತೇನೆ.

ಹಾಡಿನ ಬಗ್ಗೆ ಇನ್ನೊಂದು ಮಾತು. ನಿಮ್ಮಲ್ಲಿ ಕೆಲವರು ಹಳೆಯ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಿ ಯೂಟ್ಯೂಬಿಗೆ ಏರಿಸಿದಾಗ ಧ್ವನಿ ಬಂದ್ ಆಗಿರುವುದನ್ನು ಕಂಡಿರಬಹುದು. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು ಮದುವೆಯ ಸಮಾರಂಭದಲ್ಲಿ ಹಾಡು ನುಡಿಸಲು ವಿನಾಯಿತಿ ಕೊಡುತ್ತದೆ. ಅದನ್ನು ಚಿತ್ರಕ್ಕೆ ಅಂಟಿಸಿ ಲೋಕಕ್ಕೆ ತೋರಿಸುವುದು ಬೇರೆ ವಿಷಯ. ಯಂತ್ರ ಆ ಹಾಡನ್ನು ಗುರುತಿಸಿ ಶಬ್ದವನ್ನೇ ಮುಚ್ಚಬಹುದು. ಆಗ ಹಾಡೂ ಇಲ್ಲ, ಹಾಡಿನ ಸಂದಿನಲ್ಲಿ ಉಳಿದಿದ್ದ ಮಾತೂ ಇಲ್ಲ.

ಸಂರಕ್ಷಣೆಗೆ ಬರೆದುಕೊಂಡ ಆರು ಪುಟಗಳಲ್ಲಿ ಮುಖ್ಯವಾದುದನ್ನಷ್ಟೇ ಹೇಳುತ್ತೇನೆ. ನಮ್ಮ ಮುಂಬಯಿಯ ತೇವ ಟೇಪಿನ ಶತ್ರು. ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಟ್ಟಿರುವ ಅಂಟು ತೇವ ಕುಡಿದು ಸಡಿಲವಾಗುತ್ತದೆ, ಅದರ ಮೇಲೆ ಬೂಸು ಬೆಳೆಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲಿನಾ, ಕುರ್ಲಾಗಳ ನೆಲಮಹಡಿಯ ಮನೆಗಳಲ್ಲಿ ಎಷ್ಟು ಮದುವೆಗಳು ಕೊಚ್ಚಿಹೋದವೋ, ಆಮೇಲಿನ ತಿಂಗಳುಗಳಲ್ಲಿ ಕೆಸರು ಮೆತ್ತಿದ ಕ್ಯಾಸೆಟ್ಟುಗಳನ್ನು ಹಿಡಿದು ನನ್ನ ಅಂಗಡಿಗೆ ಬಂದವರ ಮುಖಗಳು ಕಣ್ಣ ಮುಂದಿವೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಈಗ ಒಂದು ಯಂತ್ರ ಕೆಟ್ಟರೆ ಇನ್ನೊಂದು ಹಳೆಯ ಯಂತ್ರವನ್ನು ಬಿಚ್ಚಿ ಬಿಡಿಭಾಗ ತೆಗೆಯಬೇಕು. ಆದ್ದರಿಂದ ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿ, ಪುಸ್ತಕದಂತೆ ನಿಲ್ಲಿಸಿಡಿ. ಬಿಳಿ ಚುಕ್ಕೆ ಕಂಡರೆ ಯಂತ್ರಕ್ಕೆ ಹಾಕಬೇಡಿ, ಬೂಸು ತಲೆಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಮಿಕ್ಸಿಂಗ್ ಆಗದ ಮೂಲ ಕ್ಯಾಸೆಟ್ಟು ಸಿಕ್ಕರೆ, ಅಲುಗಾಡುವ ಚಿತ್ರವೆಂದು ಎಸೆಯಬೇಡಿ, ಅದರಲ್ಲೇ ಎಲ್ಲ ದನಿಗಳೂ ಇವೆ. ಮುಂದಿನ ವೈಶಾಖದಲ್ಲಿ ಮಕ್ಕಳ ಮದುವೆ ಇರುವವರು ಸ್ಟುಡಿಯೊದವರ ಬಳಿ ಎರಡೇ ಮಾತು ಆಡಿ. ಪುರೋಹಿತರ ಶಾಲಿಗೆ ಒಂದು ಪುಟ್ಟ ಮೈಕು ಸಿಕ್ಕಿಸಲು ಹೇಳಿ. ಮತ್ತು ಹೈಲೈಟಿನ ಜೊತೆಗೆ, ಹಾಡು ಹಾಕದ, ಕತ್ತರಿಸದ ಮೂಲವನ್ನು ಒಂದು ಹಾರ್ಡ್ ಡಿಸ್ಕಿನಲ್ಲಿ ಕೇಳಿ ಪಡೆಯಿರಿ.

ಬೆಳಕಿನ ಭಾಗವನ್ನು ನಾನು ಓದಲಿಲ್ಲ, ಸಮಯ ಮುಗಿದಿದೆ. ಠಾಣೆಯ ಆ ಮಗಳ ಒಪ್ಪಿಗೆ ಪಡೆದು ಆ ಹನ್ನೊಂದು ಸೆಕೆಂಡುಗಳನ್ನು ತಂದಿದ್ದೇನೆ. ಚಿತ್ರವನ್ನು ತೋರಿಸುವುದಿಲ್ಲ, ಕೇಳಿಸುತ್ತೇನೆ. ದನಿ ಬಹಳ ಸಣ್ಣದು. ಹಿಂದಿನ ಸಾಲಿನವರು ದಯವಿಟ್ಟು ಸ್ವಲ್ಪ ಮುಂದೆ ಬನ್ನಿ. ಬಾಗಿಲ ಬಳಿ ಇರುವವರು ಎರಡೂ ಫ್ಯಾನುಗಳನ್ನು ನಿಲ್ಲಿಸಬೇಕು.